ನೀಲಾಂಬಿಕಾಳ ಕಿವಿ

ಬೆಸುಗೆ ಹಾಕುವಾಗ ಕಬ್ಬಿಣದ ಬಣ್ಣ ನೋಡಿಯೇ ಹದ ತಿಳಿಯುವ ಕಣ್ಣಿಗೆ ಮೌಲಾಲಿ ನದಾಫ ತೆತ್ತ ಬೆಲೆ, ನಿಖಾದ ದಿನ ಅವನ ಹೆಂಡತಿ ಉಟ್ಟಿದ್ದ ಸೀರೆಯ ಬಣ್ಣ. ಖರೀದಿ ವಿಭಾಗದ ಶೈಲಜಾ ಅವರ ಚೌಕಾಸಿಯ ಜಾಣತನಕ್ಕೆ ಹೋದದ್ದು, ಚಿಕ್ಕಂದಿನಲ್ಲಿ ತಂಗಿಯ ಜೊತೆ ಆಡಿದ ಜಗಳಗಳೆಲ್ಲ. ವಾಲ್ವನ್ನು ಎಷ್ಟು ತಿರುಗಿಸಿ ಎಲ್ಲಿ ನಿಲ್ಲಿಸಬೇಕೆಂದು ಬಲ್ಲ ಗದಿಗೆಪ್ಪಜ್ಜನ ಮಣಿಕಟ್ಟಿಗೆ, ಅವನ ತಾಯಿ ಹೋಳಿಗೆಗೆ ಕಣಕ ನಾದುತ್ತಿದ್ದ ಚಿತ್ರ, ಬಳೆಯ ಸದ್ದಿನ ಸಮೇತ. ಹರಿವು ಕಂಪನಿಯಲ್ಲಿ ವಿದ್ಯೆ ಹಂಚಿಕೊಡುವುದಕ್ಕೆ ಇಂಥ ಬೆಲೆಯಿತ್ತು. ಕೊಟ್ಟವರಿಗೆ ಒಂದು ಶಾಲು, ಒಂದು ಹಾರ, ಕ್ಯಾಂಟೀನಿನಲ್ಲಿ ಅವತ್ತು ಜಿಲೇಬಿ.

ಹುಬ್ಬಳ್ಳಿಯ ಹೊರಗೆ ದೊಡ್ಡ ಕಾಂಪೌಂಡು ಹಾಕಿಕೊಂಡು ಕೂತಿದ್ದ ಹರಿವು, ನಲವತ್ತು ಊರುಗಳಿಗೆ ನೀರು ಎತ್ತಿ ಕೊಡುವ ಕಂಪನಿ. ಪಂಪು ಮಾಡುವವರೂ ಅವರೇ, ನಡೆಸುವವರೂ ಅವರೇ. ಸಾವಿರಾರು ಜನ ಕೆಲಸಕ್ಕಿದ್ದರೂ, ನಿಜವಾಗಿ ಕೆಲಸ ಬಲ್ಲವರು ಕೈಬೆರಳಲ್ಲಿ ಎಣಿಸುವಷ್ಟು. ಅವರ ವಿದ್ಯೆ ಉಳಿದವರಿಗೂ ಬರಲಿ ಎಂದು ಕಂಪನಿ ತರಬೇತಿ ಇಟ್ಟಿತು, ವಿಡಿಯೋ ಮಾಡಿಸಿತು, ಶನಿವಾರಕ್ಕೊಮ್ಮೆ ಮಿರ್ಚಿ ಭಜಿ ಮುಂದಿಟ್ಟು "ನಿಮಗೆ ಗೊತ್ತಿದ್ದನ್ನ ನಾಲ್ಕು ಮಂದಿಗೆ ಹೇಳ್ರಿ" ಎಂದು ಬೇಡಿಕೊಂಡಿತು. ಜನ ಭಜಿ ತಿಂದು ಕೈ ಒರೆಸಿಕೊಂಡು ಮನೆಗೆ ಹೋದರು. ಹೇಳಬಾರದೆಂದಲ್ಲ. ಬೆರಳಿಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರುವುದಿಲ್ಲ.

ಆಮೇಲೆ ಬಂದದ್ದು ಪಾಲು ಯಂತ್ರ. ಬಲ್ಲವರನ್ನು ಕುರ್ಚಿಯಲ್ಲಿ ಕೂರಿಸಿ, ತಲೆಗೆ ಟೊಪ್ಪಿಗೆಯಂಥದ್ದೊಂದನ್ನು ತೊಡಿಸಿ, ಅವರ ವಿದ್ಯೆಯನ್ನು ಎತ್ತಿಕೊಂಡು ನೂರಾರು ತಲೆಗಳಿಗೆ ಹಂಚುವ ಯಂತ್ರ. ಅದು ಒಂದೇ ಒಂದು ವಿಷಯದಲ್ಲಿ ಒರಟು. ವಿದ್ಯೆ ತಲೆಯಲ್ಲಿ ಒಂಟಿಯಾಗಿ ಇರುವುದಿಲ್ಲ, ಯಾವುದೋ ನೆನಪಿನೊಳಗೆ ಬೇರು ಬಿಟ್ಟಿರುತ್ತದೆ. ಮೆಂತ್ಯೆ ಕಿತ್ತರೆ ಮಣ್ಣೂ ಬರುವ ಹಾಗೆ, ವಿದ್ಯೆ ಕಿತ್ತರೆ ನೆನಪೂ ಬರುತ್ತಿತ್ತು. ಕೊಟ್ಟವರ ತಲೆಯಲ್ಲಿ ಆ ಜಾಗ ಸುಟ್ಟ ಗಾಯದಂತೆ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ಅಲ್ಲಿ ಏನೂ ನಾಟುತ್ತಿರಲಿಲ್ಲ.

ಯಂತ್ರ ನಡೆಸುತ್ತಿದ್ದವನು ಫಕೀರೇಶ. ಶಿರಹಟ್ಟಿ ಕಡೆಯವನು, ಐಟಿಐ ಓದಿದವನು. ಕುರ್ಚಿಯಿಂದ ಎದ್ದವರ ಮುಖ ನೋಡಿ ನೋಡಿ ಅವನಿಗೆ ಸಾಕಾಗಿತ್ತು. ಗದಿಗೆಪ್ಪಜ್ಜ ಎದ್ದು, "ಏನೋ ಮರತಂಗ ಆತಲ್ಲೋ ತಮ್ಮಾ, ಏನದು?" ಎಂದು ಕೇಳಿದ ದಿನ ಅವನು ಊಟ ಮಾಡಲಿಲ್ಲ. ಆದರೆ ಅವನು ಕೈಚೆಲ್ಲಿ ಕೂರುವ ಆಸಾಮಿಯಲ್ಲ. ಯಂತ್ರದಲ್ಲಿ ಅಳತೆ ತೋರಿಸುವ ಒಂದು ಮುಳ್ಳಿತ್ತು. ಕುರ್ಚಿಯಲ್ಲಿದ್ದವರಿಗೆ ಅವರ ಕೆಲಸದ ಸದ್ದನ್ನೋ ಚಿತ್ರವನ್ನೋ ತೋರಿಸುತ್ತ ಒಂದೊಂದೇ ಹೆಸರು ಹೇಳಿದರೆ, ಬೇರು ಎಲ್ಲಿದೆಯೋ ಆ ಹೆಸರಿಗೆ ಮುಳ್ಳು ಏರುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಅವನೊಂದು ಉಪಾಯ ಕಂಡುಹಿಡಿದ. ಕೊಡುವ ಮೊದಲು ಕೆಲವು ವಾರ, ಕೆಲಸ ಮಾಡುವಾಗೆಲ್ಲ ಬೇಡವಾದ ಒಂದು ನೆನಪನ್ನು ಬೇಕೆಂದೇ ಮನಸ್ಸಿಗೆ ತಂದುಕೊಳ್ಳಬೇಕು. ಬೇರು ಮೆಲ್ಲಗೆ ಅತ್ತ ಸರಿಯುತ್ತದೆ. ಯಂತ್ರ ಕಿತ್ತಾಗ ಬೇಡವಾದದ್ದೇ ಹೋಗುತ್ತದೆ.

ಕೆಲಸಗಾರರು ಅದಕ್ಕೆ ಕಸಿ ಅಂದರು. ಸಾಹೇಬರುಗಳಿಗೆ ಗೊತ್ತಾಗದಂತೆ ಕಂಪನಿಯ ತುಂಬ ಕಸಿ ನಡೆಯಿತು. ಲೆಕ್ಕದವನೊಬ್ಬ ತನ್ನ ವಿದ್ಯೆಯನ್ನು ಮಾಸ್ತರರ ಬೆತ್ತದೇಟಿಗೆ ಕಟ್ಟಿ ಕೊಟ್ಟ. ಕ್ರೇನಿನವನು ಬೀಗರ ಊಟದಲ್ಲಾದ ಅವಮಾನಕ್ಕೆ ಕಟ್ಟಿದ. ಕೊಟ್ಟು ಹಗುರಾಗಿ, ಸೀಟಿ ಹೊಡೆಯುತ್ತ ಮನೆಗೆ ಹೋದ.

"ಫಕೀರಣ್ಣಾ, ನೀ ಮೊದಲ ಹೇಳಿದ್ರ ನನ್ನ ಸೀರಿ ಬಣ್ಣ ಉಳೀತಿತ್ತಲ್ಲೋ," ಎಂದ ಮೌಲಾಲಿ. "ಈಗ ಮನ್ಯಾಗ ಆಕಿ ದಿನಾ ಕೇಳ್ತಾಳ, ಹೇಳು, ಹಸರೋ ಕೆಂಪೋ? ನಾ ದಿನಾ ಒಂದು ಹೇಳ್ತೀನಿ."

"ಒಂದು ದಿನ ನೀ ಹೇಳಿದ ಬಣ್ಣ ಹತ್ತೇ ಹತ್ತತೈತಿ ಬಿಡು."

"ಹತ್ತಿದ್ರೂ ಆಕಿ ಹೌದು ಅನ್ನೂದಿಲ್ಲಲೇ."

ಫಕೀರೇಶನ ಹೆಂಡತಿ ನೀಲಾಂಬಿಕಾ ಅದೇ ಕಂಪನಿಯ ಕಂಟ್ರೋಲ್ ರೂಮಿನಲ್ಲಿದ್ದಳು. ನಲವತ್ತು ಊರಿನ ಪಂಪುಗಳ ಸದ್ದು ಅಲ್ಲಿಗೆ ಬರುತ್ತಿತ್ತು. ಗೋಡೆಯ ತುಂಬ ಪರದೆ, ಪರದೆಯ ತುಂಬ ಅಂಕಿ. ಅಂಕಿಗಳು ಪಂಪು ಕೆಟ್ಟ ಮೇಲೆ ಕೆಂಪಾಗುತ್ತಿದ್ದವು. ನೀಲಾ ಕೆಡುವ ಮೊದಲೇ ಹೇಳುತ್ತಿದ್ದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ, "ಸಿಂಧನೂರಿನ ಎರಡನೇದು ಉಸಿರು ಕಟ್ಟಾಕತ್ತೈತಿ, ನಿಲ್ಸ್ರಿ" ಅನ್ನುವಳು. ಬಿಚ್ಚಿ ನೋಡಿದರೆ ಬೇರಿಂಗಿನಲ್ಲಿ ಕೂದಲೆಳೆಯ ಬಿರುಕು.

ಆ ಕಿವಿ ಎಲ್ಲಿಂದ ಬಂತೆಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಅವರಿಗೆ ಮೊದಲು ಹುಟ್ಟಿದ್ದು ಹೆಣ್ಣು ಕೂಸು, ಕಸ್ತೂರಿ. ವರ್ಷ ತುಂಬುವುದರೊಳಗೆ, ಒಂದು ಮಧ್ಯಾಹ್ನ, ಪಾಳಿ ಮುಗಿಸಿ ಬಂದ ನೀಲಾ ಪಕ್ಕದಲ್ಲೇ ಮಲಗಿ ನಿದ್ದೆ ಹೋಗಿದ್ದಾಗ, ಕೂಸಿನ ಉಸಿರು ನಿಂತಿತು. ಅವಳಿಗೆ ಎಚ್ಚರವಾಗಲಿಲ್ಲ. ಎರಡು ವರ್ಷದ ಮೇಲೆ ಶರಣು ಹುಟ್ಟಿದ. ಅವನು ಹುಟ್ಟಿದಂದಿನಿಂದ ಅವಳ ಕಿವಿ ಮಲಗಲಿಲ್ಲ. ಅವನ ಒಂದೊಂದು ಉಸಿರನ್ನೂ ಕೇಳಿ ಕೇಳಿ ಬಂದದ್ದು ಆ ವಿದ್ಯೆ.

ಮಾನವಿ ಕಡೆಯ ಒಂದು ಊರಿನಲ್ಲಿ ಪಂಪು ಸಿಡಿದು ಮೂವರು ಸತ್ತ ವಾರ, ಪಾಲು ಯೋಜನೆಯ ಮುಖ್ಯಸ್ಥೆ ಮಂದಾಕಿನಿ ಕುಲಗೋಡ ಫಕೀರೇಶನನ್ನು ಕರೆಸಿದರು. ಮೆಲ್ಲಗೆ ಮಾತಾಡುವ ಹೆಂಗಸು. ಕೆಟ್ಟ ಸುದ್ದಿಗೆ ಮೊದಲು ಚಹಾ ತರಿಸುವ ರೂಢಿ. ಚಹಾ ಬಂದಾಗಲೇ ಅವನಿಗೆ ತಿಳಿಯಿತು.

"ನೀಲಾಂಬಿಕಾ ಅವರದು ಎಂಟು ತಾಸು ಪಾಳಿ. ಉಳಿದ ಹದಿನಾರು ತಾಸು ಪಂಪಿಗೆ ಕಿವಿ ಯಾರದ್ರಿ?" ಎಂದರು. "ಆ ಮೂರು ಮಂದಿ ಸತ್ತಾಗ ಅವರು ಮನ್ಯಾಗ ರೊಟ್ಟಿ ಬಡಿಯಾಕತ್ತಿದ್ರು. ತಪ್ಪು ಅಂತಲ್ಲ. ಆದರ ಹೇಳ್ರಿ, ಅಂಥಾ ಕಿವಿ ಒಬ್ಬರ ತಲ್ಯಾಗ ಇಟಗೊಂಡು ಕೂಡೂದು ನ್ಯಾಯ ಏನು?"

"ಆಕಿ ಒಲ್ಲೆ ಅಂದ್ರ?"

"ಒಲ್ಲೆ ಅಂದವರಿಗೆ ಕಂಪನ್ಯಾಗ ಬಚ್ಚಿಟ್ಟವರು ಅಂತಾರ. ಬಚ್ಚಿಟ್ಟವರಿಗೆ ಕ್ವಾರ್ಟರ್ಸಿಲ್ಲ, ಮಕ್ಕಳಿಗೆ ಕಂಪನಿ ಸಾಲಿ ಇಲ್ಲ. ಈ ರೂಲು ನಾ ಮಾಡಿದ್ದಲ್ಲ." ಚಹಾ ಆರುತ್ತದೆ ಕುಡಿಯಿರಿ ಎಂದು ಕಪ್ಪನ್ನು ಇತ್ತ ಸರಿಸಿದರು.

ಮನೆಗೆ ಬಂದು ಹೇಳಿದಾಗ ನೀಲಾ ಬೇಳೆ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ಮೂರು ಮಂದಿ ಸತ್ತಾರ್ರೀ. ಕೊಡೂದು ಕೊಡೂದ. ಆದರ ಶರಣೂನ ಒಯ್ತಾರೇನು?"

"ಬೇರು ಅವನ ಮ್ಯಾಲ ಐತಿ."

"ಅವ ಎದುರಿಗೆ ನಿಂತರೂ, ಯಾರಪಾ ನೀ, ಅಂತೀನಿ ಏನು?"

ಹೊರಗೆ ಶರಣು ಟೈರು ಹೊಡೆಯುತ್ತ ಓಡುತ್ತಿದ್ದ. ಅವನು ಏದುಸಿರು ಬಿಟ್ಟದ್ದಕ್ಕೆ ಇಲ್ಲಿ ಅವಳ ತಲೆ ತಾನಾಗಿಯೇ ಅತ್ತ ಹೊರಳಿತು.

"ಕಸಿ ಕಟ್ಟೂನು," ಎಂದ ಫಕೀರೇಶ.

"ಯಾವುದಕ್ಕ?"

"ಕಸ್ತೂರಿ ಹೋದ ಮಧ್ಯಾಹ್ನಕ್ಕ."

ನೀಲಾಳ ಕೈ ಈಗ ನಿಂತಿತು.

"ಎಂಟು ವರ್ಷ ಆತು ನೀಲಾ, ಮಧ್ಯಾಹ್ನ ನೀ ಒಮ್ಮೆಯೂ ಮಲಗಿಲ್ಲ. ಹಾಸಗಿ ನೋಡಿದ್ರ ಅಂಜತಿ. ಆ ಒಂದು ಮಧ್ಯಾಹ್ನ ಹೋಗಲಿ. ಕೂಸು ನಮ್ಮದ ಇರ್ತಾಳ. ಆಕಿ ಸತ್ತದ್ದು ಅಷ್ಟ ಹೋಗ್ತೈತಿ. ಬೆತ್ತದ ಏಟು ಕೊಟ್ಟಾಂವ ಸಾಲಿ ಮರತಾನೇನು? ಏಟು ಅಷ್ಟ ಮರತಾನ."

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ನಂತರ, "ಆಕಿ ನಗೂದು ಉಳೀತೈತಲ್ಲಾ?" ಎಂದಳು.

"ಉಳೀತೈತಿ."

ತಿಳಿದವನಂತೆ ಹೇಳಿದ. ತಿಳಿದಿದ್ದೇನೆಂದೇ ನಂಬಿದ್ದ.

ಮಾರನೆಯ ದಿನದಿಂದ ಅಡುಗೆಮನೆಯಲ್ಲಿ ಕಸಿ ಶುರುವಾಯಿತು. ಮೊಬೈಲಿನಲ್ಲಿ ಪಂಪಿನ ಸದ್ದು ಹಚ್ಚಿ ಕಟ್ಟೆಯ ಮೇಲಿಡುವನು. ಅವಳು ರೊಟ್ಟಿ ಬಡಿಯುತ್ತ ಆ ಮಧ್ಯಾಹ್ನದ ಮಾತು ಆಡಬೇಕು. ಮೊದಲ ದಿನ ಎರಡು ಮಾತಿಗೇ ಎದ್ದು ಹೋದಳು. ಅವನು ಮರಳಿ ಕರೆತಂದು ಕೂರಿಸಿದ. "ಮಲಗಿಸಿದಿ. ಆಮ್ಯಾಲೆ?" ಎಂದ. "ಹೊದಿಸಿದೆ," ಎಂದಳು. "ಏನು ಹೊದಿಸಿದಿ?" ಅವಳು ಕೌದಿಯ ಮಾತು ತೆಗೆದಳು. ಕೌದಿಯಿಂದ ಅದನ್ನು ಹೊಲಿದ ಅತ್ತೆಯ ಮಾತು, ಅಲ್ಲಿಂದ ಕೂಸಿಗೆ ಹಾಕಿದ ಕುಂಚಿಗೆಯ ಮಾತು. ವಾರ ಕಳೆಯುವ ಹೊತ್ತಿಗೆ ಅವನು ಕೇಳಬೇಕಾಗಲಿಲ್ಲ. ಪಂಪು ಗುಂಯ್‌ಗುಟ್ಟಿದ ಕೂಡಲೇ ಅವಳ ಬಾಯಿ ತೆರೆಯುತ್ತಿತ್ತು. ಹಾಲು ಹಲ್ಲು ಮೂಡಿದ್ದು, ಬೆಲ್ಲ ನೆಕ್ಕಿಸಿದಾಗ ಮುಖ ಕಿವುಚಿದ್ದು, ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆ ಹೆಸರು ಹೇಳಲು ಮರೆತು ಎಲ್ಲರೂ ನಕ್ಕದ್ದು. ಎಲ್ಲವನ್ನೂ ಹೇಳಿ, ಕಡೆಗೆ ಆ ಮಧ್ಯಾಹ್ನಕ್ಕೆ ಬಂದು ನಿಲ್ಲುವಳು. ಅತ್ತು ಕಣ್ಣೊರೆಸಿಕೊಂಡು ರೊಟ್ಟಿ ತಿರುವಿ ಹಾಕುವಳು.

ಫಕೀರೇಶನಿಗೆ ಒಳಗೊಳಗೇ ಸಮಾಧಾನ. ಇಷ್ಟು ವರ್ಷ ಬಾಯಿ ಬಿಡದವಳು ಈಗ ಮಾತಾಡುತ್ತಿದ್ದಾಳಲ್ಲ! ಯಾರೂ ಇಲ್ಲದ ಹೊತ್ತಿನಲ್ಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಆಗಾಗ ಮುಳ್ಳು ನೋಡುತ್ತ ಬಂದ. ಶರಣು ಎಂದರೆ ಮುಳ್ಳು ಮೊದಲು ಮೇಲಿತ್ತು, ಆಮೇಲೆ ಅರ್ಧಕ್ಕಿಳಿಯಿತು, ಕಡೆಗೆ ಅಲ್ಲಾಡಲೇ ಇಲ್ಲ. ಕಸ್ತೂರಿ ಎಂದರೆ ತುದಿ ಮುಟ್ಟಿತು. "ಗೆದ್ವಿ," ಎಂದು ಹೆಂಡತಿಯ ಕೈ ಹಿಡಿದು ಅದುಮಿದ.

ಅವನು ನೋಡದೇ ಹೋದದ್ದು ಒಂದೇ. ಬೆತ್ತದೇಟು ತಿಂದವನಿಗೆ ಶಾಲೆಯ ನೆನಪು ನೂರು ಇದ್ದವು, ಏಟು ಅದರಲ್ಲಿ ಒಂದು. ಕಸ್ತೂರಿ ಇದ್ದದ್ದೇ ಹನ್ನೊಂದು ತಿಂಗಳು. ಅಷ್ಟು ಸಣ್ಣ ಬದುಕಿನ ಒಂದೊಂದು ಚೂರನ್ನೂ, ದಿನಾ ಬಿಡದೆ, ಅವನೇ ಹೆಂಡತಿಯ ಬಾಯಿಂದ ಎಳೆದೆಳೆದು ತಂದು ಆ ಮಧ್ಯಾಹ್ನಕ್ಕೆ ಗಂಟು ಹಾಕಿಸಿದ್ದ.

ಪಾಲಿನ ದಿನ ನೀಲಾ ಹೊಸ ಇಳಕಲ್ ಸೀರೆ ಉಟ್ಟು ಬಂದಳು. ಕುರ್ಚಿಯಲ್ಲಿ ಕೂತು, "ನೀವ ಒತ್ರಿ, ಬ್ಯಾರೇದವರ ಕೈಯಾಗ ಕೊಡಬ್ಯಾಡ್ರಿ," ಎಂದಳು. ಅವನೇ ಒತ್ತಿದ. ಎದ್ದವಳು ಆಕಳಿಸಿದಳು. "ಯಾಕೋ ನಿದ್ದಿ ಬರಾಕತ್ತೈತ್ರಿ," ಎಂದಳು. ಮಂದಾಕಿನಿ ಶಾಲು ಹೊದಿಸಿದರು. ಕಂಟ್ರೋಲ್ ರೂಮಿನವರು ಚಪ್ಪಾಳೆ ತಟ್ಟಿದರು. ಅವತ್ತು ಮಧ್ಯಾಹ್ನ ನೀಲಾ ಮನೆಗೆ ಹೋಗಿ ಹಾಸಿಗೆ ಹಾಸಿ ಮಲಗಿದಳು. ಎಂಟು ವರ್ಷದಲ್ಲಿ ಮೊದಲ ಸಲ. ಫಕೀರೇಶ ಬಾಗಿಲಲ್ಲಿ ನಿಂತು ನೋಡಿದ. ಸಾರ್ಥಕವಾಯಿತೆಂದುಕೊಂಡ. ಎದ್ದ ಮೇಲೆ ಶರಣುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಬಾಚಿದಳು. ಮಗ ಉಳಿದಿದ್ದ.

ಸೋಮವಾರ ಬಂತು. ದೇವರ ಮಾಡದ ಪಕ್ಕದಲ್ಲಿದ್ದ ಕಸ್ತೂರಿಯ ಫೋಟೋಕ್ಕೆ ಸೋಮವಾರ ಹೂ ಇಡುವುದು ಆ ಮನೆಯ ಪದ್ಧತಿ. ಹೂ ತರುವುದು ಶರಣುವಿನ ಕೆಲಸ. ಅವನು ಕಣಗಿಲೆ ಹೂ ಹರಿದು ತಂದು, "ಅವ್ವಾ, ಅಕ್ಕಗ," ಎಂದು ಚಾಚಿದ.

ನೀಲಾ ಹೂ ಇಸಿದುಕೊಂಡು ಸುತ್ತ ನೋಡಿದಳು. "ಯಾವ ಅಕ್ಕಗೋ? ಬಾಜೂ ಮನಿ ಅಕ್ಕಗೇನು?"

ಶರಣು ನಕ್ಕ. ಅವ್ವ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡ. ಫೋಟೋ ತೋರಿಸಿದ. ಅವಳು ಹತ್ತಿರ ಹೋಗಿ ನೋಡಿದಳು, ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದಳು.

"ಏನ್ ಚಂದ ಐತ್ರೀ ಕೂಸು! ಯಾರದು? ನಿಮ್ಮ ತಂಗೀದೇನು?"

ಗಡ್ಡ ಹೆರೆದುಕೊಳ್ಳುತ್ತಿದ್ದ ಫಕೀರೇಶ ಅರ್ಧ ನೊರೆಯಲ್ಲೇ ಬಂದು ನಿಂತ. ಮಗನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಎಲ್ಲವನ್ನೂ ಹೇಳಿದ. ಬಸಿರು, ಬಾಣಂತನ, ತೊಟ್ಟಿಲು, ಹಲ್ಲು. ನೀಲಾ ಅಡ್ಡಮಾತಾಡದೆ ಕೇಳಿದಳು. ಒಂದೆರಡು ಸಲ "ಪಾಪ" ಎಂದಳು. ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಕಣ್ಣು ಮುಚ್ಚಿ ಕೂತಳು. ಕಡೆಗೆ ತೆರೆದಳು.

"ನೀವು ಹೇಳಿದ್ದು ಖರೇನ ಇರ್ಬೇಕು. ಸುಳ್ಳು ಹೇಳೂ ಪೈಕಿ ಅಲ್ಲ ನೀವು. ಆದರ ನನಗ ಒಳಗ ಏನೂ ಆಗವಲ್ದ್ರೀ." ಫೋಟೋವನ್ನು ಅವನ ಕೈಗೆ ಕೊಟ್ಟಳು. "ಇದನ್ನ ಬ್ಯಾರೆ ಕಡೆ ಇಡ್ರಿ. ಮಂದಿ ಕೂಸಿನ ಮುಂದ ನಿಂತು ಅತ್ತಂಗ ಆಗ್ತೈತಿ."

ಫಕೀರೇಶ ನೇರವಾಗಿ ಮಂದಾಕಿನಿಯವರ ಕೋಣೆಗೆ ನುಗ್ಗಿದ. ಕಸಿಯ ಮಾತು ಬಾಯಿಬಿಟ್ಟು ಹೇಳಿದ, ಆದದ್ದಾಗಲಿ ಎಂದು. ಅವರು ಬೆಚ್ಚಲಿಲ್ಲ.

"ನಮಗ ಗೊತ್ತೈತ್ರಿ ನೀವು ಕಸಿ ಕಟ್ಟೂದು. ಗೊತ್ತಿದ್ದ ಬಿಟ್ಟೀವಿ. ನೋವಿಗೆ ಕಟ್ಟಿದ್ದು ಭಾಳ ಗಟ್ಟಿ ಹತ್ತತೈತಿ. ಸಂತೋಷಕ್ಕ ಕಟ್ಟಿದ ವಿದ್ಯಾ ಹಂಚಿದ ಮ್ಯಾಲ ಅರ್ಧ ಮಂದಿಗೆ ನಾಟೂದಿಲ್ಲ." ಮೇಜಿನ ಮೇಲಿನ ಪರದೆಯನ್ನು ಅವನತ್ತ ತಿರುಗಿಸಿದರು. "ನಿಮ್ಮ ಮನಿಯವರ ಕಿವಿ ನಲವತ್ತೂ ಊರಾಗ ನಾಟೈತಿ. ಒಬ್ಬರೂ ಬಿಟ್ಟಿಲ್ಲ. ಈ ವಾರ ಐದು ಪಂಪು ಮೊದಲ ಹಿಡದಾರ."

"ಹೊಳ್ಳಿ ಹಾಕ್ರಿ. ಯಾರ ತಲ್ಯಾಗರ ಇದ್ದದ್ದನ್ನ ತಗದು ಆಕಿಗೆ ಹಾಕ್ರಿ."

"ಸುಟ್ಟ ಜಾಗಾದಾಗ ಬೆಳಿ ಬರ್ತೈತೇನ್ರಿ? ಯಂತ್ರ ನಡಸಾವ್ರು ನೀವ. ನಾ ಹೇಳಬೇಕೇನು?"

ಚಹಾ ತರಿಸಲು ಗಂಟೆ ಒತ್ತಿದರು. ಅವನು ಕುಡಿಯಲಿಲ್ಲ.

ಹತ್ತು ದಿನ ಕಳೆದ ಮೇಲೆ ರಾಯಚೂರಿನಿಂದ ಒಂದು ಫೋನು ಬಂತು. ಅಲ್ಲಿನ ಪಂಪ್‌ಹೌಸಿನ ಅಮರೇಶ. ಪಾಲು ಪಡೆದವರಲ್ಲಿ ಒಬ್ಬ, ಮದುವೆಯಾಗದ ಹುಡುಗ.

"ಅಣ್ಣಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ನಂಬರ್ ಹೆಂಗೋ ಸಿಕ್ತು. ಪಂಪು ಹಚ್ಚಿದ ಕೂಡ್ಲೆ ನನಗೊಂದು ಕೂಸು ನೆನಪಾಗ್ತೈತಿ. ಕೆಳಗಿನ ಎರಡು ಹಲ್ಲು. ಬೆಲ್ಲ ನೆಕ್ಕಿ ಮುಖ ಹಿಂಗ್ ಮಾಡ್ತೈತಿ. ನಾ ಅಳಾಕತ್ತರ ಇಲ್ಲಿ ಮಂದಿ ನಗ್ತಾರ. ಆ ಕೂಸು ಯಾರ್ರಿ?"

ಫಕೀರೇಶ ಕಾಂಪೌಂಡಿನ ಗೋಡೆಗೆ ಒರಗಿ ಕೂತುಬಿಟ್ಟ. "ನನ್ನ ಮಗಳಪಾ," ಎಂದ. "ಕಸ್ತೂರಿ."

"ಕಸ್ತೂರಿ," ಎಂದು ಆ ಕಡೆಯಿಂದಲೂ ಬಂತು.

ಅಂದಿನಿಂದ ಅವನು ಭಾನುವಾರಕ್ಕೊಮ್ಮೆ ರಾಯಚೂರಿಗೆ ಫೋನು ಮಾಡತೊಡಗಿದ. ತನಗೆ ಗೊತ್ತಿಲ್ಲದ್ದು ಆ ಹುಡುಗನಿಗೆ ಗೊತ್ತಿತ್ತು. ಹಾಲು ಕುಡಿಯುವಾಗ ಕೂಸು ತಾಯಿಯ ತಾಳಿ ಹಿಡಿದು ಜಗ್ಗುತ್ತಿದ್ದದ್ದು, ಅದರ ನೆತ್ತಿಯ ಹರಳೆಣ್ಣೆ ವಾಸನೆ, ಅದನ್ನು ಎತ್ತಿಕೊಂಡಾಗ ಎದೆಗೆ ಆಗುತ್ತಿದ್ದ ಭಾರ. ತಾಯಿಗಷ್ಟೇ ತಿಳಿಯುವಂಥದ್ದನ್ನು ಮೀಸೆ ಹೊತ್ತ ಹುಡುಗನೊಬ್ಬ ಬಿಕ್ಕುತ್ತ ಹೇಳುತ್ತಿದ್ದ. ತಂದೆ ಮೂಗೊರೆಸಿಕೊಳ್ಳುತ್ತ ಕೇಳುತ್ತಿದ್ದ. ಗಂಡ ಯಾರೊಂದಿಗೋ ಗೆಳೆತನ ಮಾಡಿಕೊಂಡಿದ್ದಾನೆಂದು ನೀಲಾ ಕಾಡಿಸುತ್ತಿದ್ದಳು. "ರಾಯಚೂರಾಗ ಯಾರನ್ನ ಇಟಗೊಂಡೀರಿ? ಒಂದ್ಸಲ ಊಟಕ್ಕರ ಕರೀರಿ, ನೋಡೂನು."

ಅವಳು ಗೆಲುವಾಗಿದ್ದಳು. ಇದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಕಿವಿ ಕೊಟ್ಟ ಮೇಲೆ ಅವಳನ್ನು ಬಿಲ್ ವಿಭಾಗಕ್ಕೆ ಹಾಕಿದ್ದರು. ಮಧ್ಯಾಹ್ನ ಮಲಗುವಳು, ಮೈ ತುಂಬಿಕೊಂಡಳು, ಹಿಟ್ಟು ನಾದುತ್ತ ಹಾಡುವಳು. ಶರಣು ಬಿದ್ದು ಮೊಳಕಾಲು ಒಡೆದುಕೊಂಡರೆ, "ಏಳಲೇ, ಗಂಡಸು" ಎಂದು ನಗುವಳು. ಓಣಿಯವರೆಲ್ಲ, ಫಕೀರೇಶನ ಹೆಂಡತಿಗೆ ಹಿಡಿದಿದ್ದ ಗ್ರಹ ಬಿಟ್ಟಿತು ಎಂದರು. ಒಂದು ಸಂಜೆ ಬಾಜೂ ಮನೆಯ ಕೂಸಿಗೆ ಜಡೆ ಹಾಕಿ ಕಳಿಸಿ ಒಳಗೆ ಬಂದವಳು ಹೇಳಿದಳು:

"ನಮಗೂ ಒಂದು ಹೆಣ್ಣು ಕೂಸು ಇದ್ದಿದ್ರ ಚಲೋ ಇತ್ತಲ್ರೀ." ಹೇಳಿ, ನಾಲಿಗೆ ಕಚ್ಚಿಕೊಂಡಳು. "ಅಯ್ಯ, ಇತ್ತಂತ ಹೇಳಿದ್ರಲ್ಲ ನೀವು. ಮರತೆ ನೋಡ್ರಿ."

ಬಾಜೂ ಮನೆಯವರು ಸಕ್ಕರೆ ಕಡ ಒಯ್ದದ್ದನ್ನು ಮರೆತವರ ಹಾಗೆ ಹೇಳಿದಳು. ಫಕೀರೇಶ ಎದ್ದು ಹೊರಗೆ ಹೋಗಿ ರಾಯಚೂರಿಗೆ ಫೋನು ಹಚ್ಚಿದ.

ಹೊಸ ತಲೆಗೆ ಹೋದ ಬೇರು ಬಹಳ ದಿನ ಹಸಿಯಾಗಿರುವುದಿಲ್ಲ. ವಿದ್ಯೆ ಗಟ್ಟಿಯಾಗುತ್ತ ಹೋದಂತೆ ನೆನಪು ಒಣಗಿ ಉದುರುತ್ತದೆ. ಪರರ ದುಃಖ ಹೊತ್ತು ಯಾರೂ ಬಹುಕಾಲ ಕೆಲಸ ಮಾಡಲಾರರೆಂದು ಯಂತ್ರ ಮಾಡಿದವರೇ ಹಾಗೆ ಏರ್ಪಾಟು ಮಾಡಿದ್ದರು. ಫಕೀರೇಶನಿಗೆ ಅದು ಗೊತ್ತಿದ್ದ ಸಂಗತಿಯೇ. ಬೇರೆಯವರ ವಿಷಯದಲ್ಲಿ ಅದು ಒಳ್ಳೆಯದೆಂದೂ ಅವನು ಹೇಳಿದ್ದ. ಬರಬರುತ್ತ ಅಮರೇಶನ ಮಾತು ಗಿಡ್ಡವಾಯಿತು. ಹರಳೆಣ್ಣೆಯೋ ಕೊಬ್ಬರಿಯೆಣ್ಣೆಯೋ ಎಂದು ತೊದಲಿದ. ಒಂದು ಭಾನುವಾರ ಎತ್ತಲಿಲ್ಲ. ಮುಂದಿನ ವಾರ ಎತ್ತಿದ. ಹಿಂದೆ ಪಂಪಿನ ಸದ್ದು ಚೆನ್ನಾಗಿ ಕೇಳುತ್ತಿತ್ತು.

"ಹಾಂ, ಹೇಳ್ರಿ ಸರ್."

ಅಣ್ಣಾರ ಎನ್ನುತ್ತಿದ್ದವನು ಸರ್ ಎಂದ.

"ಅಮರೇಶಾ, ಕಸ್ತೂರಿ ತಾಳಿ ಜಗ್ಗತಿದ್ಲು ಅಂದಿದ್ದಿಯಲ್ಲ, ಯಾವ ಕೈಲೆ? ಬಲಗೈಲೆನೋ ಎಡಗೈಲೆನೋ?"

ಆ ಕಡೆಯ ಹುಡುಗ ಪ್ರಾಮಾಣಿಕವಾಗಿಯೇ ಯೋಚಿಸಿದ. ಯೋಚಿಸುವುದು ಇತ್ತ ಕೇಳುತ್ತಿತ್ತು.

"ಯಾವ ಕೂಸು ಸರ್?" ಎಂದ. ತಕ್ಷಣವೇ, "ಒಂದ್ ನಿಮಿಷ ಇರ್ರಿ, ಮೂರನೇದು ಉಸಿರು ಕಟ್ಟಾಕತ್ತೈತಿ," ಎಂದು ಫೋನು ಕೆಳಗಿಟ್ಟು ಓಡಿದ. ಪಂಪು ನಿಂತ ಸದ್ದು ಫಕೀರೇಶನಿಗೆ ಕೇಳಿಸಿತು. ಹುಡುಗ ಅದನ್ನು ಸರಿಯಾದ ಹೊತ್ತಿಗೆ ನಿಲ್ಲಿಸಿದ್ದ. ಅಲ್ಲಿ ಕೆಲಸಕ್ಕಿದ್ದವರು ಅವತ್ತು ಮನೆಗೆ ಹೋಗಿ ಊಟ ಮಾಡಿದರು.

ನೀಲಾ ಕಿವಿ ಕೊಟ್ಟ ಮೇಲೆ ವರ್ಷ ತುಂಬುವವರೆಗೆ ಹರಿವಿನ ಯಾವ ಊರಿನಲ್ಲೂ ಪಂಪು ಸಿಡಿಯಲಿಲ್ಲ. ಒಬ್ಬರೂ ಸಾಯಲಿಲ್ಲ. ನಲ್ಲಿಗಳಲ್ಲಿ ನೀರು ನಿಲ್ಲಲಿಲ್ಲ. ನೀಲಾಂಬಿಕಾಗೆ ಮಗ ಉಳಿದ, ನಿದ್ದೆ ಬಂತು. ಕಸ್ತೂರಿ ಮೊದಲ ಸಲ ಸತ್ತಾಗ ಅಳಲು ಇಬ್ಬರಿದ್ದರು. ಎರಡನೇ ಸಲ ಫಕೀರೇಶ ಒಬ್ಬನೇ ಉಳಿದ. ಆ ಕೂಸು ಯಾವ ಕೈಯಿಂದ ತಾಳಿ ಜಗ್ಗುತ್ತಿತ್ತೆಂಬುದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ.